ಹಳೇ ಕ್ಯಾಸೆಟ್ಟು, ಹೊಸ ಸುಳ್ಳು

ದೇವರ ಹಿಪ್ಪರಗಿಯ ಬಸ್ ಸ್ಟ್ಯಾಂಡ್ ಹತ್ತಿರ ಚಹಾಕ್ಕೆ ಕೂತಿದ್ದೆವು. ಟಂಟಂ ಒಂದು ಜನಪದದ ಡಿಜೆ ಹಾಡು ಬಡಿಯುತ್ತ ಹೋಯಿತು. ನನ್ನ ಪಿಯುಸಿ ಗೆಳೆಯ ಮುಖ ಕಿವಿಚಿದ. ಮೇಷ್ಟರಾಗಿ ರಿಟೈರ್ ಆದವನು.

"ನಮ್ಮ ಕಾಲದಾಗ ಹಾಡಂದ್ರ ಹಾಡು ಇದ್ವು. ಹುಡುಗ್ರಂದ್ರ ಹುಡುಗ್ರು ಇದ್ರು. ಈಗೇನೈತಿ, ಮಣ್ಣು?"

ನಾನು ಕಪ್ಪು ಕೆಳಗಿಟ್ಟೆ. ಆ ಕಾಲದಲ್ಲಿ ನಾನೂ ಇದ್ದೆನಲ್ಲ.

1982. ಗೋಕಾಕ್ ವರದಿ ಜಾರಿಯಾಗಲಿ ಅಂತ ರಾಜಕುಮಾರ್ ಬೀದಿಗಿಳಿದರು. ಇವನೂ ಇಳಿದ. ಹಗಲೆಲ್ಲ ಕನ್ನಡಕ್ಕೆ ಪ್ರಾಣ ಕೊಡುತ್ತಿದ್ದ. ಬುಧವಾರ ರಾತ್ರಿ ಅದೇ ಪ್ರಾಣ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯ ಗೀತಮಾಲಾಕ್ಕೆ ಕಾಯುತ್ತಿತ್ತು. ಆ ಹುಲಿಯ ಮೊಮ್ಮಗ ಈಗ ವಿಜಯಪುರದಲ್ಲಿ ಇಂಗ್ಲಿಷ್ ಮೀಡಿಯಂ. ಅಜ್ಜನಿಗೆ 'ಗ್ರ್ಯಾಂಡ್‌ಪಾ' ಅನ್ನುತ್ತದೆ ಕೂಸು. ಹುಲಿ ಹಿಗ್ಗುತ್ತದೆ.

ಇವರಪ್ಪ ಆಗ ರೇಡಿಯೋ ಕಿವಿ ಹಿಂಡಿ ಬೈಯುತ್ತಿದ್ದರು: "ಹಾಳ್ ಹಾಡು ಕೇಳಿ ಹಾಳಾಗಬ್ಯಾಡೋ." ಅವರ ಹರೆಯದ್ದೇನು ಕತೆ? 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಜನರ ಕಿವಿ ಶುದ್ಧ ಮಾಡಲು ಹೊರಟರು. ಆಕಾಶವಾಣಿಯಿಂದ ಸಿನಿಮಾ ಹಾಡನ್ನು ಹೊರಹಾಕಿದರು. ಕಿವಿಗಳು ಸಮುದ್ರ ದಾಟಿ ಸಿಲೋನಿಗೆ ಹೋದವು. 1957ರಲ್ಲಿ ಸರ್ಕಾರವೇ ಸೋತು ವಿವಿಧ ಭಾರತಿ ತೆರೆಯಿತು. ಆ ವರ್ಷಗಳಲ್ಲಿ ಕೊಲಂಬೋ ಹಿಡಿಯಲು ಮುಳ್ಳು ತಿರುವಿದವರಲ್ಲಿ ಇವರಪ್ಪನೂ ಒಬ್ಬರು. ಮಗ ಹುಟ್ಟಿದ ಮೇಲೆ ಮರೆತರು.

ಈಗ ಇವನು "ನಾವು ಮನ್ಸೂರರನ್ನ ಕೇಳಿ ಬೆಳೆದವ್ರು" ಅನ್ನುತ್ತಾನೆ. ಹೌದು, 1987ರಲ್ಲಿ ನಾವು ಧಾರವಾಡದಲ್ಲಿ ಎಂ.ಎ. ಓದುವಾಗ ಮಲ್ಲಿಕಾರ್ಜುನ ಮನ್ಸೂರರು ಅದೇ ಊರಲ್ಲಿದ್ದರು. ಇವನು ಕೇಳಿದ್ದು 'ಪ್ರೇಮಲೋಕ'. ಹಂಸಲೇಖರ ಹಾಡು, ರವಿಚಂದ್ರನ್ ಬೈಕು, ಪಾಠವೇ ನಡೆಯದ ಕಾಲೇಜು. ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ. ಅಷ್ಟು ಶ್ರದ್ಧೆಯಿಂದ ನೋಟ್ಸ್ ಬರೆದಿದ್ದನ್ನು ನಾನು ನೋಡಿಲ್ಲ.

ಆ ಕ್ಯಾಸೆಟ್ಟನ್ನು ಕ್ಲಾಸಿನ ಹುಡುಗಿಗೆ ಕೊಟ್ಟ. ಒಳಗಿನ ಚೀಟಿಯಲ್ಲಿ ಹಾಡುಗಳ ಕೆಳಗೆ ತನ್ನ ಹೆಸರು. ಆಕೆ ಕ್ಯಾಸೆಟ್ ವಾಪಸ್ ಕೊಟ್ಟಳು, ಚೀಟಿಯ ಮಾತೆತ್ತಲಿಲ್ಲ. ಮರುದಿನ ಲೈಬ್ರರಿ ಮೆಟ್ಟಿಲಲ್ಲಿ ಅದರದೇ ಒಂದು ಹಾಡು ಗುನುಗಿದಳಂತೆ. ಸಂಜೆ ಹಾಸ್ಟೆಲ್ಲಿನಲ್ಲಿ ಇವನೇ ತೀರ್ಪು ಕೊಟ್ಟ: "ಆಕಿ ನಡತಿ ಸರಿ ಇಲ್ಲ." ಕೊಟ್ಟವನು ಸಂಸ್ಕಾರವಂತ, ಗುನುಗಿದವಳು ಕೆಟ್ಟವಳು. ರೂಮಿನಲ್ಲಿ ಆರು ಜನ ಇದ್ದೆವು. ಆರೂ ಜನ ತಲೆಯಾಡಿಸಿದೆವು. ನಾನೂ.

ಇದೇ ಮನುಷ್ಯ ಮುಂದೆ ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ. ಹುಡುಗರ ಮೊಬೈಲ್ ಕಸಿದು ಟೇಬಲ್ ಡ್ರಾನಲ್ಲಿಟ್ಟ. ಇವನ ಸ್ವಂತ ಮೊಬೈಲ್ ಈಗಲೂ ಹಂಸಲೇಖರ ರಾಗದಲ್ಲೇ ಕೂಗುತ್ತದೆ.

"ಈ ಡಿಜೆ ಹಾಕೋವ್ರನ್ನ ಒದ್ದು ಒಳಗ ಹಾಕಬೇಕ್ ನೋಡು" ಅಂದ, ಎರಡನೇ ಚಹಾ ಹೇಳುತ್ತ.

ಮೊನ್ನೆ ಇವನ ಕಿರಿಯ ಮಗನ ಮದುವೆಯಾಯಿತು. ಟ್ರ್ಯಾಕ್ಟರ್ ಟ್ರೇಲರ್ ತುಂಬ ಸ್ಪೀಕರ್. ರಾತ್ರಿ ಹನ್ನೆರಡರವರೆಗೆ ನಮ್ಮ ಮನೆಯ ನೆಲುವಿನ ಪಾತ್ರೆಗಳೆಲ್ಲ ಗಡಗಡ ನಡುಗಿದವು. ಡಿಜೆಯವನಿಗೆ ಅಡ್ವಾನ್ಸ್ ಎಣಿಸಿ ಕೊಟ್ಟವನು ಇವನೇ.