ಆಲಮಟ್ಟಿ ಸೀಮೆಯಲ್ಲಿ ‘ಕಾಮನ್‌ಸೆನ್ಸ್’ ಎಂಬ ನಾಮಪದ: ಒಂದು ಅನವಶ್ಯಕ ಸಂಶೋಧನೆ

ಕೃಷ್ಣೆಯ ದಂಡೆಯ ಆಲಮಟ್ಟಿ ಹಾಗೂ ಅದರ ಸುತ್ತಣ ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ‘ಕಾಮನ್‌ಸೆನ್ಸ್’ ಎಂಬ ಮಾತು ದಿನಕ್ಕೆಷ್ಟು ಸಲ ಸಿಡಿಯುತ್ತದೋ ಲೆಕ್ಕವಿಟ್ಟವರಿಲ್ಲ. ಆದರೂ ನಮ್ಮ ವ್ಯಾಕರಣ ಪರಂಪರೆ ಇದನ್ನು ಕಂಡೂ ಕಾಣದಂತಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಬಿಟ್ಟ. 1894ರಲ್ಲಿ ನಿಘಂಟು ಹೊರತಂದ ಕಿಟೆಲ್ ಸಾಹೇಬರೂ ಬಿಟ್ಟರು. ಧಾರವಾಡ, ಹುಬ್ಬಳ್ಳಿಯ ನೀರು ಕುಡಿದ ಅವರಿಗೆ ಯಾರೂ ಹೀಗೆ ಬೈದಿರಲಿಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ವ್ಯುತ್ಪತ್ತಿಯಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಯವನ ಪಂಥ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ತಂದೊಪ್ಪಿಸಿದ ಸುದ್ದಿಯನ್ನು ಒಂದೆಡೆ ಕೂಡಿಸುವ ಶಕ್ತಿಯೊಂದು ಒಳಗಿದೆ ಎಂದು ಅರಿಸ್ಟಾಟಲ್ ಹೇಳಿದನಂತೆ. ಅದೇ ಲ್ಯಾಟಿನ್ನಿನ ಹೊಳೆ ದಾಟಿ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಿತಂತೆ. ಎರಡನೆಯದು ದೇಶೀ ಪಂಥ. ಈ ಪಂಥದಲ್ಲಿ ಸದ್ಯ ಇರುವವನು ನಾನೊಬ್ಬನೇ. ನನ್ನ ಪ್ರಕಾರ ಇದು ‘ಕಾಮನ ಸೆನ್ಸ್’. ಷಷ್ಠೀ ತತ್ಪುರುಷ. ಕಾಮ ಎಂದರೆ ಹೋಳಿ ಹುಣ್ಣಿವೆಯಲ್ಲಿ ಸುಡಿಸಿಕೊಳ್ಳುವ ನಮ್ಮ ಕಾಮಣ್ಣ. ಬಾಗಲಕೋಟೆ ಕಡೆಯ ಹೋಳಿ ಬಲ್ಲವರಿಗೆ ಆಧಾರ ಬೇಕಿಲ್ಲ: ಹಿತ್ತಲಿನ ಕುಳ್ಳು, ಮುರುಕು ಬಾಗಿಲು, ಕಿತ್ತ ಗೂಟ ಎಲ್ಲವೂ ನಾಯಿ ಬೊಗಳದ ಹಾಗೆ, ಮುದುಕ ಕೆಮ್ಮದ ಹಾಗೆ ಓಣಿಯ ಮೂಲೆಗೆ ನಡೆದುಬರುತ್ತವೆ. ಈ ವಿದ್ಯೆಯನ್ನು ಯಾವ ಮಾಸ್ತರರೂ ಕಲಿಸಿಲ್ಲ. ಹುಡುಗರಿಗೆ ಹುಟ್ಟಿನಿಂದ ಬಂದದ್ದು. ಮಾರನೆಯ ದಿನ ಕುಳ್ಳು ಕಳೆದುಕೊಂಡಾಕೆ ಬೂದಿಯ ಮುಂದೆ ನಿಂತು ‘ಕಾಮನ್‌ಸೆನ್ಸ್ ಇಲ್ಲೇನ್ರಲೇ ನಿಮಗ?’ ಎಂದು ಕೂಗಿದಾಗ ಪದ ಹುಟ್ಟಿತು. ಅವಳ ಪ್ರಶ್ನೆಗೆ ಸರಿಯುತ್ತರ ‘ಅದs ಐತಿ ಯವ್ವಾ’.

ಇನ್ನು ಪ್ರಯೋಗ. ಹಳಗನ್ನಡದಲ್ಲಿ ಸೂತ್ರ ಕಟ್ಟದೆ ಪ್ರಬಂಧಕ್ಕೆ ತೂಕ ಬರುವುದಿಲ್ಲವಾದ್ದರಿಂದ:

‘ತನಗಿಲ್ಲೆನ್ನದುದುಂ ಪೆರರ್ಗುಂಟೆನ್ನದುದುಂ ಕಾಮನ್‌ಸೆನ್ಸೆಂಬ ನಾಮಪದಂ.’

ಟೀಕೆ: ಈ ಪದಕ್ಕೆ ನಿಷೇಧ ಮತ್ತು ಪ್ರಶ್ನೆ ಎರಡೇ ರೂಪ. ‘ಅವಗ ಕಾಮನ್‌ಸೆನ್ಸ್ ಭಾಳ ಐತಿ’ ಎಂದು ಈ ಸೀಮೆಯಲ್ಲಿ ಯಾರೂ ಯಾರನ್ನೂ ಹೊಗಳಿದ್ದು ಕೇಳಿಲ್ಲ. ಉತ್ತಮ ಪುರುಷದಲ್ಲಿ ಬಳಕೆಯೇ ಇಲ್ಲ. ಉದಾಹರಣೆಗಳು: ‘ಎಮ್ಮಿಗೆ ತಿಳೀತೈತಿ, ನಿನಗ ತಿಳೀವಲ್ದು, ಕಾಮನ್‌ಸೆನ್ಸ್ ಐತೇನಲೇ?’ (ಅಪ್ಪ, ಇಂಜಿನಿಯರಿಂಗ್ ಓದಿ ಬಂದ ಮಗನಿಗೆ). ‘ಕಾಕಾ, ಇದು ಕಾಮನ್‌ಸೆನ್ಸ್ ಅಲ್ರೀ, ರೂಲು’ (ಕಚೇರಿಯ ಮೇಜಿನಾಚೆಯಿಂದ). ಎರಡನೆಯದು ಅಪೂರ್ವ ಪಾಠ. ಸತ್ಯವೊಂದು ಬಾಯಿತಪ್ಪಿ ಹೊರಬಿದ್ದಿರುವ ಸಾಧ್ಯತೆಯಿದೆ.

ಪ್ರಮಾಣದ ಪ್ರಶ್ನೆಯನ್ನು ಗಾದೆಯೇ ಬಗೆಹರಿಸಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಕೂಡಿಸಿದರೆ ಒಂದು, ತಲೆ ಭರ್ತಿ. ಕಾಮನ್‌ಸೆನ್ಸಿಗೆ ಜಾಗ ಉಳಿಯಲಿಲ್ಲ. ಆದ್ದರಿಂದಲೇ ಅದನ್ನು ಪ್ರತಿಯೊಬ್ಬನೂ ಬೇರೆಯವರ ತಲೆಯಲ್ಲಿ ಹುಡುಕುತ್ತಾನೆ.

ಇದನ್ನು ಒಪ್ಪದವನು ಫ್ರಾನ್ಸಿನ ಡೆಕಾರ್ಟ್. ಜಗತ್ತಿನಲ್ಲಿ ಎಲ್ಲಕ್ಕಿಂತ ಸಮನಾಗಿ ಹಂಚಿಕೆಯಾಗಿರುವುದು ಒಳ್ಳೆಯ ಬುದ್ಧಿಯೇ, ತನ್ನ ಪಾಲು ಸಾಲದೆಂದು ಯಾವನೂ ದೂರುವುದಿಲ್ಲವಲ್ಲ ಎಂದು 1637ರಲ್ಲಿ ಬರೆದ. ಪಾಪ, ಹಂಚಿಕೆ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿದ ಮೇಲೆ ದೂರದೆ ಇದ್ದವರು ಮೀನುಗಳು ಮಾತ್ರ.

ಇದೇ ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನಲ್ಲಿಯೇ ನಮ್ಮ ಪದದ ನಿಜವಾದ ಪ್ರಯೋಗಶಾಲೆ ಇರುವುದು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಯೋಜನೆ ಇದು. ಆಲಮಟ್ಟಿಯ ಜಲಾಶಯಕ್ಕೆ ಅವರದೇ ಹೆಸರು. ಗೇಟು 26. ಮಳೆಗಾಲದಲ್ಲಿ ಗೇಟು ಮುಚ್ಚಿದ್ದರೆ ಮೇಲಿನ ಸಾಂಗಲಿಯವರು ‘ಹಿನ್ನೀರು ನಮ್ಮೂರಿಗೆ ಬರ್ತೈತಿ, ಇಷ್ಟೂ ತಿಳಿಯಂಗಿಲ್ಲೇನು’ ಎಂದು ಮರಾಠಿಯಲ್ಲಿ ಕೇಳುತ್ತಾರೆ; 2019ರ ಮಹಾಪೂರದಲ್ಲಂತೂ ಜೋರಾಗಿಯೇ ಕೇಳಿದರು. ತೆರೆದರೆ ನಾರಾಯಣಪುರದ ಕೆಳಗಿನ ನದಿದಂಡೆಯವರು ಅದನ್ನೇ ಕನ್ನಡದಲ್ಲಿ ಕೇಳುತ್ತಾರೆ. ಬೇಸಿಗೆಯಲ್ಲಿ ಅದೇ ಪ್ರಶ್ನೆ ತೆಲುಗಿಗೆ ಅನುವಾದವಾಗುತ್ತದೆ. ಹಿನ್ನೀರಿಗೆ ಊರು ಕೊಟ್ಟು ನವನಗರಕ್ಕೆ ಎದ್ದುಹೋದ ಬಾಗಲಕೋಟೆಯವರನ್ನು ಮಾತ್ರ ಇದುವರೆಗೆ ಯಾವ ಭಾಷೆಯಲ್ಲೂ ಯಾರೂ ಏನನ್ನೂ ಸರಿಯಾಗಿ ಕೇಳಿಲ್ಲ. ಈ ವಾಕ್ಯ ಅಣಕಿಗೆ ಹೊಂದುವುದಿಲ್ಲವೆಂದು ಪರೀಕ್ಷಕರು ತಕರಾರು ತೆಗೆದರೆ ಅಳಿಸಲು ಸಿದ್ಧ.

ಹೀಗೆ ಅಳೆಯುವ ಕೋಲು ಯಾವುದೆಂಬುದೂ ತಾನಾಗಿ ತೀರ್ಮಾನವಾಯಿತು: ಸಮುದ್ರಮಟ್ಟದಿಂದ ಮೀಟರುಗಳಲ್ಲಿ. ಅಣೆಕಟ್ಟಿನ ಎತ್ತರಕ್ಕೆ 2000ದಲ್ಲಿ ಸುಪ್ರೀಂ ಕೋರ್ಟು 519.60ರವರೆಗೆ ಒಪ್ಪಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256ರವರೆಗೆ ಏರಿಸಲು ಒಪ್ಪಿತು. 2011ರಲ್ಲಿ ಆ ತೀರ್ಪಿನ ಅಧಿಸೂಚನೆಗೆ ಕೋರ್ಟಿನ ತಡೆ ಬಿತ್ತು. ನಡುವಿನ 4.656 ಮೀಟರಿನಲ್ಲಿ ಯಾರ ಕಾಮನ್‌ಸೆನ್ಸು ತುಂಬಬೇಕೆಂಬುದನ್ನು ವಕೀಲರು ದೆಹಲಿಯಲ್ಲಿ ಮೀಟರಿನ ಮೂರನೆಯ ದಶಾಂಶದವರೆಗೂ ವಾದಿಸುತ್ತಾರೆ. ಗುಡ್ಡದ ಮೇಲೆ ಕುಳಿತ ಕುರಿ ಕಾಯುವವ ‘ನೀರು ಏರಾಕತ್ತೈತಿ’ ಅಂದು ಕುರಿಯನ್ನು ಆಚೆ ಹೊಡೆದುಕೊಂಡು ಹೋಗುತ್ತಾನೆ. ಅವನು ಈ ಪದ ಬಳಸಿದ್ದು ನಾನು ಕೇಳಿಲ್ಲವಾದ್ದರಿಂದ ಈ ಸಂಶೋಧನೆಯ ವ್ಯಾಪ್ತಿಗೆ ಅವನು ಬರುವುದಿಲ್ಲ.

ಪ್ರಬಂಧವನ್ನು ಸದ್ಯಕ್ಕೆ 519.60ರವರೆಗೆ ಬರೆಯಲಾಗಿದೆ. ಮೇಲಿನ ಭಾಗ ಅಧಿಸೂಚನೆಯ ನಂತರ.