ಡಿಡಕ್ಟಿಬಲ್ ಅಣ್ಣ

ಅಮೆರಿಕದ ಯಾವುದೇ ಯೂನಿವರ್ಸಿಟಿ ಊರಿಗೆ ಹೋಗಿ, ನಮ್ಮ ನಾಲ್ಕು ಹುಡುಗರು ಸೇರಿ ಬಾಡಿಗೆಗೆ ಹಿಡಿದ ಮನೆಯ ಬಾಗಿಲು ತಟ್ಟಿ. ಅವರಲ್ಲೊಬ್ಬ ಡಿಡಕ್ಟಿಬಲ್ ಅಣ್ಣ ಇದ್ದೇ ಇರುತ್ತಾನೆ. ನಮ್ಮ ಮನೆಯಲ್ಲಿದ್ದವನು ದಾವಣಗೆರೆಯವನು. ಓದುತ್ತಿದ್ದದ್ದು ಮೆಕ್ಯಾನಿಕಲ್, ಪಾಂಡಿತ್ಯವೆಲ್ಲ ಹೆಲ್ತ್ ಇನ್ಶೂರೆನ್ಸಿನಲ್ಲಿ.

ನಾನು ಹೋಗಿಳಿದ ರಾತ್ರಿಯೇ ಪಾಠ ಶುರುವಾಯಿತು. "ಲೇ ತಮ್ಮಾ, ಎಫ್-1 ವೀಸಾದವರು ಇನ್ಶೂರೆನ್ಸ್ ಮಾಡಿಸಲೇಬೇಕು ಅಂತ ಇಲ್ಲಿನ ಸರ್ಕಾರ ಹೇಳಲ್ಲ. ಹೇಳೋದು ಯೂನಿವರ್ಸಿಟಿ. ಜೆ-1ನವರಿಗಾದ್ರೆ ಸರ್ಕಾರದ್ದೇ ರೂಲ್ಸು. ಒಂದು ಕಾಯಿಲೆಗೆ ಕಮ್ಮಿ ಅಂದ್ರೂ 1 ಲಕ್ಷ ಡಾಲರ್ ಕವರ್ ಇರಬೇಕು, ಸತ್ತರೆ ಹೆಣ ಊರಿಗೆ ಕಳಿಸೋಕೆ 25,000 ಡಾಲರ್. ಹೆಣದ್ದು ನಮ್ಮ ಪಾಲಿಸಿಯಲ್ಲೂ ಐತೆ, ಯೋಚನೆ ಮಾಡಬೇಡ."

ಹಲ್ಲುನೋವು ಬಂದರೆ ಎಂದು ಕೇಳಿದೆ.

"ಹಲ್ಲು ಇದರಲ್ಲಿ ಬರಲ್ಲ. ಅದು ಬೇರೆ ಪಾಲಿಸಿ."

ಅಂದರೆ ನಾನು ಸತ್ತರೆ ಮೂವತ್ತೆರಡು ಹಲ್ಲೂ ಪುಕ್ಕಟೆಯಾಗಿ ಊರು ಸೇರುತ್ತವೆ. ಬದುಕಿದ್ದರೆ ಮಾತ್ರ ಒಂದೊಂದಕ್ಕೂ ಕೈಯಿಂದ ಕೊಡಬೇಕು.

ಡಿಡಕ್ಟಿಬಲ್ ಎಂದರೇನೆಂದು ಅವನು ಬಿಡಿಸಿ ಹೇಳಿದ್ದು ತನ್ನೂರಿನ ಭಾಷೆಯಲ್ಲೇ. "ಬೆಣ್ಣೆ ದೋಸೆ ಹೋಟ್ಲು ಅಂತ ತಿಳ್ಕೋ. ಮೊದಲ ಐದು ದೋಸೆ ದುಡ್ಡು ನಿಂದು. ಅದೇ ಡಿಡಕ್ಟಿಬಲ್. ಆಮೇಲೆ ತಿನ್ನೋ ಪ್ರತಿ ಐದರಲ್ಲಿ ನಾಲ್ಕು ಅವರದು, ಒಂದು ನಿಂದು. ಚಟ್ನಿಗೆ ಪ್ರತಿ ಸಲಾನೂ ಇಷ್ಟು ಅಂತ ಕೊಡಬೇಕು, ಅದು ಕೋಪೇ. ಹೋಟ್ಲು ಅವರ ಪಟ್ಟಿಯಲ್ಲಿರೋದೇ ಆಗಬೇಕು, ಅದು ನೆಟ್‌ವರ್ಕ್. ಐದನೇ ದೋಸೆ ಮುಗಿಸೋ ಹೊತ್ತಿಗೆ ಆಗಸ್ಟ್ ಬರ್ತತೆ. ಮತ್ತೆ ಒಂದರಿಂದ ಎಣಿಸು."

ಇಷ್ಟೆಲ್ಲ ಕಲಿತದ್ದು ಡಾಕ್ಟರ ಹತ್ತಿರ ಹೋಗುವುದಕ್ಕಲ್ಲ, ಹೋಗದೆ ಇರುವುದಕ್ಕೆ. ವರ್ಷಕ್ಕೆ 2,000 ಡಾಲರಿಗೂ ಮೇಲೆ ಪ್ರೀಮಿಯಂ ಕಟ್ಟಿದ ಈ ಮಹಾನುಭಾವನ ಇನ್ಶೂರೆನ್ಸ್ ಕಾರ್ಡು ಪರ್ಸಿನಲ್ಲಿ ಮಂತ್ರಾಲಯದ ರಾಯರ ಫೋಟೋ ಹಿಂದೆ ಇರುತ್ತಿತ್ತು. ಕಾಪಾಡುವ ಕೆಲಸ ಇಬ್ಬರದೂ, ತೊಂದರೆ ಕೊಡಬಾರದು ಎಂದು ಇಬ್ಬರನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ನಿಜವಾದ ಆಸ್ಪತ್ರೆ ಮಂಚದ ಕೆಳಗಿನ ಸೂಟ್‌ಕೇಸು. ಸಾರಿನ ಪುಡಿಯ ಡಬ್ಬಿಗಳ ನಡುವೆ ಡೋಲೊ 650, ಸೆಟ್ರಿಜಿನ್, ಓಆರ್‌ಎಸ್, ಝಂಡು ಬಾಮ್. ಒಂದೊಂದು ಕವರಿನ ಮೇಲೂ ಅವರಮ್ಮನ ದುಂಡು ಅಕ್ಷರ: ಜ್ವರ, ಕೆಮ್ಮು, ಭೇದಿ, 'ಏನೂ ತಿಳಿಯದಿದ್ದರೆ'. ಕಡೆಯದರಲ್ಲಿ ಹಿಂಗು ಇತ್ತು.

ಒಮ್ಮೆ ಮೂರು ದಿನ ಜ್ವರ ಬಿಡಲಿಲ್ಲ. ಆ ತಾಯಿ ಫೋನಿನಲ್ಲಿ, "ಡಾಕ್ಟ್ರಿಗೆ ತೋರಿಸ್ಕಂಡು ಬಾರೋ" ಎಂದರು.

"ಹತ್ತಿರದ ಡಾಕ್ಟ್ರು ನೆಟ್‌ವರ್ಕ್‌ನಲ್ಲಿ ಇಲ್ಲಮ್ಮ."

"ಹಂಗಾರೆ ವಾಟ್ಸಾಪಲ್ಲಿ ಮಾಡು."

ಅವನ ಚಿಕ್ಕಪ್ಪನ ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದ. ವೀಸಾ ಅರ್ಜಿ ಹಾಕುವಾಗಲೇ ಆರೋಗ್ಯದ ಬಾಬ್ತು ವರ್ಷಕ್ಕೆ 776 ಪೌಂಡಿನಂತೆ ಕಟ್ಟಿಬಿಟ್ಟಿದ್ದ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಡಾಕ್ಟರನ್ನು ಕಂಡರೆ ಬಿಲ್ಲಿಲ್ಲ. ಆ ಮಾತೆತ್ತಿದರೆ ಅಣ್ಣನಿಗೆ ಕನಿಕರ. "ಪಾಪ, ಅವನಿಗೆ ತಿಳ್ಕೊಳ್ಳೋಕೆ ಏನೈತೆ?"

ಫೆಬ್ರುವರಿಯ ಒಂದು ಬೆಳಿಗ್ಗೆ ಬಸ್ಸಿಗೆ ಓಡುತ್ತಾ ಐಸಿನ ಮೇಲೆ ಜಾರಿದ. ಕಾಲು ಉಳುಕಿ ಪಡ್ಡಿನ ಗಾತ್ರ ಊದಿಕೊಂಡಿತು. ದಾರಿಹೋಕಳೊಬ್ಬಳು 911ಕ್ಕೆ ಫೋನ್ ಮಾಡಲು ಹೊರಟಳು. ಬಿದ್ದಲ್ಲಿಂದಲೇ ಅಣ್ಣ ಎರಡೂ ಕೈ ಎತ್ತಿ, "ನೋ ಆಂಬುಲೆನ್ಸ್!" ಎಂದು ಕೂಗಿದ ಕೂಗಿಗೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡೇ ವಿವರಿಸಿದ: "2022ರಿಂದ ಕಾಯ್ದೆ ಐತೆ, ಎಮರ್ಜೆನ್ಸಿಯಲ್ಲಿ ನೆಟ್‌ವರ್ಕ್ ಹೊರಗಿನವರು ಬಾಯಿಗೆ ಬಂದಷ್ಟು ಬಿಲ್ ಹಾಕಂಗಿಲ್ಲ. ಹೆಲಿಕಾಪ್ಟರಿಗೂ ಸೇರಿಸ್ಯಾರೆ. ರೋಡ್ ಆಂಬುಲೆನ್ಸ್ ಮಾತ್ರ ಬಿಟ್ಟುಬಿಟ್ಟಾರೆ." ಹೆಲಿಕಾಪ್ಟರ್ ಕರೆಯಲೇ ಎಂದು ನಾನು ಕೇಳಿದ್ದನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ.

ಹೆಗಲು ಕೊಟ್ಟು, ಕುಂಟಿಸಿಕೊಂಡು ಕ್ಯಾಂಪಸ್ಸಿನ ಹೆಲ್ತ್ ಸೆಂಟರಿಗೆ ಕರೆದೊಯ್ದೆ. ಡಾಕ್ಟರ್ ನೋಡಿ, ಒತ್ತಿ, ಮೂಳೆ ಮುರಿದಿಲ್ಲವೆಂದು ಬ್ಯಾಂಡೇಜ್ ಸುತ್ತಿದರು. ಎಷ್ಟಾಯಿತೆಂದು ಅಣ್ಣ ನಡುಗುವ ದನಿಯಲ್ಲಿ ಕೇಳಿದ. ಏನೂ ಇಲ್ಲ, ಪ್ರತಿ ಸೆಮಿಸ್ಟರ್ ಫೀಸಿನ ಜೊತೆ ಹೆಲ್ತ್ ಫೀ ಕಟ್ಟಿದ್ದೀರಲ್ಲ, ಇಲ್ಲಿ ಡಾಕ್ಟರನ್ನು ಕಾಣುವುದು ಅದರಲ್ಲೇ ಬರುತ್ತದೆ, ಎಂದಳು ಕೌಂಟರಿನ ಹುಡುಗಿ. ಪಾಲಿಸಿಯನ್ನು ಅಕ್ಷರಕ್ಷರ ಓದಿದವನು ಫೀಸಿನ ರಸೀದಿ ಓದಿರಲಿಲ್ಲ.

ಖುಷಿಪಡಬೇಕಿತ್ತು. ಆದರೆ ಮೂರು ಸೆಮಿಸ್ಟರ್ ಕಟ್ಟಿದ್ದು ನೀರಿನಲ್ಲಿ ಹೋಮವಾಯಿತಲ್ಲ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನದಿಂದ ವಸೂಲಿಗಿಳಿದ. ಸೀನು ಬಂದರೆ ಹೆಲ್ತ್ ಸೆಂಟರು, ಬರದಿದ್ದರೆ ಯಾಕೆ ಬರಲಿಲ್ಲವೆಂದು ತೋರಿಸಲು ಹೆಲ್ತ್ ಸೆಂಟರು.

ಈ ಆಗಸ್ಟಿನಲ್ಲಿ ನಿಮ್ಮ ಮಗನೋ ಮಗಳೋ ಹೊರಟಿದ್ದರೆ ಡೋಲೊ ಕಟ್ಟಿಕೊಡಿ, ಬೇಡವೆನ್ನುವುದಿಲ್ಲ. ಹಲ್ಲು ಮಾತ್ರ ಇಲ್ಲೇ ತೋರಿಸಿ ಕಳಿಸಿ.