ಗುಮ್ಮಟದ ಗದ್ದಲ

ಫ್ಲೋರಿಡಾದ ಡಿಸ್ನಿ ಪಾರ್ಕಿಗೆ ಹೋಗುವ, ಆಟಿಸಂ ಇರುವ ಪ್ರವಾಸಿಗೆ ಒಂದು ಸೌಲಭ್ಯವುಂಟು. ಅರ್ಜಿ ಒಪ್ಪಿಗೆಯಾದರೆ ಸಾಲಿನಲ್ಲಿ ನಿಲ್ಲದೆ, ಸಮಯ ಗೊತ್ತುಮಾಡಿಕೊಂಡು ಬೇರೆಡೆ ಕಾಯಬಹುದು. 2013ರಲ್ಲಿ ಶುರುವಾದ ಏರ್ಪಾಡು. ಕಾಯುವುದು ತಪ್ಪದು, ನೂಕುನುಗ್ಗಲು ತಪ್ಪುತ್ತದೆ.

ವಿಜಯಪುರದವರು ಗದ್ದಲ ಹುಡುಕಿಕೊಂಡು ಅಷ್ಟು ದೂರ ಹೋಗಬೇಕೇ? ಗೋಳಗುಮ್ಮಟವೇ ಇದೆಯಲ್ಲ! 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಪಿಸುಮಾತು ಆಚೆ ಬದಿಗೂ ಕೇಳಿಸುವ, ಕೂಗಿದ್ದು ಏಳೆಂಟು ಸಲ ಮರಳುವ ಗ್ಯಾಲರಿ. ಅಲ್ಲಿಗೆ ಪಿಸುಗುಟ್ಟಲು ಯಾರೂ ಬರುವುದಿಲ್ಲ ಎನ್ನುವುದು ಬೇರೆ ಮಾತು. ಶಾಲಾ ಪ್ರವಾಸದ ಒಂದು ಬಸ್ಸು ಬಂದರೆ ಸಾಕು. ಸಿಳ್ಳೆ, ಚಪ್ಪಾಳೆ, ಗೆಳೆಯರ ಅಡ್ಡಹೆಸರು, ಎಲ್ಲವೂ ಏಳರಿಂದ ಗುಣಾಕಾರ. ಶಬ್ದ ತಡೆಯದ ಮಗುವಿಗೆ ಇದು ರೋಲರ್ ಕೋಸ್ಟರಿಗಿಂತ ಒಂದು ಕೈ ಮೇಲು.

ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಇಂಥ ಮಗುವನ್ನು ಕರೆತರುವವರು ನಸುಕಿನ ಬಸ್ಸು ಹಿಡಿಯುವುದು ಲೇಸು. ಬೆಳಗಿನ ಹೊತ್ತು ಗುಮ್ಮಟಕ್ಕೂ ಸ್ವಲ್ಪ ಬಿಡುವು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಪಕ್ಕದಲ್ಲಿ ನಿಂತ ಅಜ್ಜಿ ಕಾಯ್ದೆ ಓದಿರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡ ಹುಡುಗನನ್ನು ನೋಡಿ ಕೇಳಿಯೇಬಿಡುತ್ತಾಳೆ: "ಯಾಕ ತಂಗಿ, ಇಲ್ಲೀತನಾ ಬಂದು ಹುಡುಗನ ಕಿವಿ ಯಾಕ ಮುಚ್ಚೀದಿ?"

ಉತ್ತರ ಕೊಡುವಷ್ಟರಲ್ಲಿ ಪ್ರಶ್ನೆಯೇ ಆರು ಸಲ ವಾಪಸ್ ಬಂದಿರುತ್ತದೆ.